ಎರಡನೇ ಟ್ಯಾಂಕು

ಗುತ್ತಲು ರಸ್ತೆಯ ನಮ್ಮ ಶೆಡ್ಡಿನಲ್ಲಿ
ಗನ್ನಿನ ಕುದುರೆ ಒತ್ತಿದರೆ ಸಾಕು,
ಮುಳ್ಳು ಎಂಟರಿಂದ ಐದಕ್ಕೆ.
ಧಡಕ್ಕನೆ ಎದ್ದು ಒದರುವುದು ಮೋಟಾರು,
ಗೋಡೆಯಾಚೆ ಟೈಲರ್ ಮೆಹರುನ್ನಿಸಾಳ
ಕೂಸೂ ಅದರ ಜೊತೆಗೆ.

ಮುಚ್ಚಿದ ಅಕ್ಕಿ ಗಿರಣಿಯ ಹರಾಜಿನಲ್ಲಿ ಸಿಕ್ಕಿತು
ಇನ್ನೂರೈವತ್ತು ಲೀಟರಿನ ಈ ಟ್ಯಾಂಕು.
ಹೊಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಯಾರದೋ ಮೂಟೆ ಲೆಕ್ಕ,
ಕಾಲಿನ ಸಂದಿಯಲ್ಲಿ ತೌಡು.
ಸೀದಾ ಗಾಳಿ ತುಂಬೋಣ ಎಂದೆ.
ವೆಲ್ಡರ್ ಜವರಪ್ಪ ಬೀಡಿ ಆರಿಸಿ
ನನ್ನನ್ನೇ ನೋಡಿದ.
"ಗಾಳಿ ಸಿಡ್ದ್ರೆ ಸೂರೇ ಇರಾಕಿಲ್ಲ ಕಣಪ್ಪ.
ನೀರು ಹಂಗಲ್ಲ. ಮೊದ್ಲು ನೀರು ಕುಡ್ಸು."

ಕುಡಿಸಿದೆವು, ಕಂಠಪೂರ್ತಿ.
ಕೈಪಂಪು ಒತ್ತಿ ಒತ್ತಿ ಹದಿನೈದಕ್ಕೆ ಏರಿಸಿದೆವು.
ಒಂದೊಂದೇ ಬೆಸುಗೆಯ ಮೇಲೆ ಅವನು ಒಣಬೆರಳು ಆಡಿಸಿದ,
ಮಲಗಿದವರ ಜ್ವರ ನೋಡುವ ಹಾಗೆ.
ಬೆವರಿಲ್ಲ.
ಅರ್ಧ ಗಂಟೆ ಬಿಟ್ಟು ಮತ್ತೆ ಮುಟ್ಟಿದ.
ಬೆವರಿಲ್ಲ.

ಆಮೇಲೆ ಸೇಫ್ಟಿ ವಾಲ್ವು
(ಅದೊಂದರಲ್ಲಿ ಚೌಕಾಸಿ ಬೇಡ ಅಂದ),
ಅಡಿಯಲ್ಲಿ ನೀರಿಳಿಸುವ ಪುಟ್ಟ ನಲ್ಲಿ,
ಎರಡು ಟ್ಯಾಂಕಿನ ನಡುವೆ ಮೊಳದುದ್ದ ಹೋಸು.

ಮೊದಲ ಸಲ ತುಂಬಲು ಎಷ್ಟು ಹೊತ್ತು!
ಚಹಾ ಬಂತು, ಖಾಲಿ ಲೋಟ ವಾಪಸು ಹೋಯಿತು,
ಮುಳ್ಳಿನ್ನೂ ಮೂರರಲ್ಲಿ.
ಹದಿನಾಲ್ಕು ಸಾವಿರ ನೀರುಪಾಲು ಅಂದುಕೊಂಡೆ.
"ಪಂಪು ಅದೇ ಪಂಪು," ಎಂದ ಜವರಪ್ಪ,
"ಗಾಳಿ ಜಾಸ್ತಿ ಹುಟ್ಟಾಕಿಲ್ಲ.
ಕೂಡಿಡಾಕೆ ಜಾಗ ಆಯ್ತು, ಅಷ್ಟೆಯ."

ಎಂಟಕ್ಕೆ ಬಂದು ಮೋಟಾರು ನಿಂತಿತು.
ಕಬ್ಬಿನ ಟ್ರೇಲರಿನ ಒಂದು ಮಗ್ಗುಲು ಪೂರಾ ಹಸಿರು ಹೊಡೆದೆ,
ಇನ್ನೂ ನಿಂತೇ ಇತ್ತು.
ಹನ್ನೆರಡು ವರ್ಷದಲ್ಲಿ ಮೊದಲ ಸಲ ಕೇಳಿಸಿತು
ನನ್ನದೇ ಗನ್ನಿನ ಸದ್ದು,
ಹೊಸ ಸೀರೆಯ ಮಡಿಕೆ ಬಿಡಿಸುವಾಗಿನದು.
ಆಚೆ ಹೊಲಿಗೆ ಯಂತ್ರ ಓಡುತ್ತಿತ್ತು.
ಕೂಸಿನ ದನಿಯಿಲ್ಲ.

ಸಂಜೆ ಕರೆಂಟು ಹೋಯಿತು.
ಹಿಂಬಾಗಿಲ ಮೇಲೆ ಯಜಮಾನರ ಅವ್ವನ ಹೆಸರು
'ಚಿಕ್ಕತಾ'ದಲ್ಲಿ ನಿಂತಿತ್ತು.
ಹಲಗೆಯನ್ನು ಬೀದಿ ಬೆಳಕಿಗೆ ತಿರುಗಿಸಿ
ಉಳಿದ ಗಾಳಿಯಲ್ಲಿ 'ಯ' ಬರೆದೆ.
ಮುಳ್ಳು ಆರು, ಐದು, ನಾಲ್ಕೂವರೆ.
'ಮ್ಮ'ದ ಒತ್ತಿನ ಬಾಲ ಎಳೆವಾಗ ಮೂರು.
ಗನ್ನು ಒಂದು ಹನಿಯೂ ಉಗುಳಲಿಲ್ಲ.

ಬೀಗ ಹಾಕುವ ಮುಂಚೆ ಅಡಿಯ ನಲ್ಲಿ ತಿರುಗಿಸಿದೆ.
ಚಹಾ ಬಣ್ಣದ ನೀರು, ಅರ್ಧ ಲೋಟದಷ್ಟು,
ಇಡೀ ದಿನ ಕುಡಿದ ಮಂಡ್ಯದ ಗಾಳಿಯದು.
ಮೂಸಿದೆ. ಬೆಲ್ಲದ ವಾಸನೆ ಬಂದಂತಾಯಿತು,
ಆಲೆಮನೆ ಹತ್ತಿರವೇ ಇದೆಯಲ್ಲ.
ಜವರಪ್ಪನೂ ಮೂಸಿದ.
"ಎಣ್ಣೆ. ನಿನ್ನ ಪಂಪಿನ ರಿಂಗು ಸವೆದದೆ."
ಇರಬಹುದು.