ಅಂಚಿಗೆ ಎರಡು ಗೆರೆ

ರಾತ್ರಿ ಒಂದೂವರೆ. ಸೆತೂಬಲ್ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಎಕ್ಸ್‌ರೇ ಯಂತ್ರಕ್ಕೂ ನನಗೂ ಮಾತಿಲ್ಲದ ಹೊತ್ತು.
ಮೈಯೆಲ್ಲ ಬಂದರಿನ ಮೀನಿನ ವಾಸನೆ ಹೊತ್ತು
ಒಬ್ಬ ಅಪ್ಪ ಬಂದ, ಮಗನನ್ನು ಎದೆಗವುಚಿಕೊಂಡು.
ಲೊರೆನ್ಸು. ಎರಡು ವರ್ಷ, ಏಳು ತಿಂಗಳು.
ಸಂಜೆ ಗಂಜಿ ಬೇಡವೆಂದನಂತೆ, ಜೊಲ್ಲು ನಿಲ್ಲಲಿಲ್ಲವಂತೆ.
ದವಡೆ ಹಲ್ಲು ಬರುತ್ತಿರಬೇಕು ಅಂದಳಂತೆ
ಅಜ್ಜಿ ಎರ್ಮೆಲಿಂಡಾ.

ಅಲ್ಲಾಡಬೇಡ ಮರೀ, ಒಂದೇ ಒಂದು ಉಸಿರು.
ಪರದೆಯ ಮೇಲೆ, ಕತ್ತಿನ ಎಲುಬುಗಳ ನಡುವೆ
ದುಂಡನೆಯ ಒಂದು ಬಿಳಿ.
"ನಾಣ್ಯ ತಾನೇ? ನಾಣ್ಯವಾದರೆ ಅದೇ ಇಳಿಯುತ್ತೆ, ಅಲ್ವಾ?"
ಎಂದ ಅಪ್ಪ, ಚೌಕಾಸಿಗೆ ಇಳಿದವನ ಹಾಗೆ.
ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ ನನ್ನದು.
ನಾಣ್ಯಕ್ಕೆ ಅಂಚು ಒಂದೇ.
ದೊಡ್ಡದು ಮಾಡಿ ನೋಡಿದೆ. ಇನ್ನೂ ದೊಡ್ಡದು ಮಾಡಿ.
ಬಿಳಿಯ ಒಳಗೇ ಇನ್ನೊಂದು ಗೆರೆ,
ಮಳೆಗೆ ಮುಂಚೆ ಚಂದ್ರ ತೊಟ್ಟುಕೊಳ್ಳುವ ಬಳೆ.
ಫೋನೆತ್ತಿದೆ.

ಗಾಲಿಮಂಚ ಓಡಿತು. ಹಿಂದೆಯೇ ಓಡಿದವನನ್ನು
ಲಿಫ್ಟಿನ ಬಾಗಿಲು ಹೊರಗೇ ಬಿಟ್ಟಿತು.
ವಾಪಸು ಬಂದು, ಕೋಟಿನ ಜೇಬಿನಿಂದ ಮಡಚಿದ ರಟ್ಟಿನ ಡಬ್ಬಿ ತೆಗೆದು
ನನ್ನ ಮೇಜಿನ ಮೇಲಿಟ್ಟ, ಇದನ್ನೇ ಕೇಳಿ ಎಂಬಂತೆ.
ಬೆಳಗಿನ ತಿಂಡಿಯ ಜೋಳದ ಬಿಲ್ಲೆ. ಹಲ್ಲು ಕಿರಿಯುವ ಕರಡಿ.
ಒಳಗೊಂದು ಉಡುಗೊರೆ! ಆರೂ ಕೂಡಿಸಿ!
ಹೊಟ್ಟೆ ಒತ್ತಿದರೆ ಬಾಲ ಬೆಳಗುವ ಮಿಣುಕುಹುಳು.
ಅದರ ಬೆನ್ನಿಗೊಂದು ಮುಚ್ಚಳ, ಮುಚ್ಚಳಕ್ಕೆ ತಿರುಪಿಲ್ಲ,
ಉಗುರು ತಾಗಿದರೆ ಸಾಕು, ಬಟಾಣಿ ಸಿಪ್ಪೆಯಂತೆ ಬಿಡುತ್ತದೆ.
ಎಚ್ಚರಿಕೆ ಇಲ್ಲದೆ ಇಲ್ಲ. ಡಬ್ಬಿಯ ತಳದಲ್ಲಿ,
ಹನ್ನೊಂದು ಭಾಷೆಯಲ್ಲಿ, ಇರುವೆ ಕಾಲಿನಷ್ಟು ಅಕ್ಷರದಲ್ಲಿ.
"ಓದಿದ್ದೆ" ಅಂದ. ಆಮೇಲೆ, "ಇಲ್ಲ, ಓದಿರಲಿಲ್ಲ."
ಆಮೇಲೆ, ಬಹಳ ಹೊತ್ತಿನ ಮೇಲೆ,
"ತಿನ್ನೋದರ ಒಳಗಿಟ್ಟು ಕೊಟ್ಟಿದ್ದನ್ನ
ತಿನ್ನಬಾರದು ಅಂತ ಅವನಿಗೆ ಹೇಗೆ ಗೊತ್ತಾಗಬೇಕು?"

ನಾನು ಚಿಕ್ಕವಳಿದ್ದಾಗ
ಮೂವರು ಅರಸರ ಹಬ್ಬದ ಕೇಕಿನಲ್ಲಿ ಒಂದು ಒಣಕಾಳು ಹುದುಗಿಸುತ್ತಿದ್ದರು.
ಕಾಳು ಯಾರ ಪಾಲಿಗೆ ಬರುತ್ತದೋ
ಮುಂದಿನ ವರ್ಷದ ಕೇಕು ಅವರ ಖರ್ಚು.
ದುಡ್ಡಿಲ್ಲದ ನಾನು ಸದ್ದಿಲ್ಲದೆ ನುಂಗಿಬಿಟ್ಟಿದ್ದೆ.
ಕಾಳು ಒಳ್ಳೆಯದು. ಏನೂ ಮಾಡಲಿಲ್ಲ.
ಇದು ಹಾಗಲ್ಲ. ಎಂಜಲು ತಗುಲಿದ್ದೇ ತಡ
ಇದಕ್ಕೆ ಎಚ್ಚರವಾಗುತ್ತದೆ,
ಕೂತ ಕಡೆಯೇ ಕೂತು ಸುಡುತ್ತದೆ.

ಇದನ್ನೆಲ್ಲ ಅವನಿಗೆ ಹೇಳಲಿಲ್ಲ.
ಇನ್ನೊಂದನ್ನೂ ಹೇಳಲಿಲ್ಲ: ಆ ಕರಡಿ ನನಗೆ ಗೊತ್ತು.
ನಮ್ಮನೆ ಕಿಟಕಿಯ ಗೂಡಿನಲ್ಲಿ ಆರೂ ಇವೆ.
ಅಂಗಡಿಯಲ್ಲಿ ಡಬ್ಬಿಗಳನ್ನು ಕಿವಿಗೆ ಹಿಡಿದು, ಅಲ್ಲಾಡಿಸಿ,
ಸದ್ದಿನ ಮೇಲೆ ಆರಿಸಿ ತಂದವಳು ನಾನೇ.

ಪಾಳಿ ಮುಗಿಸಿ ಹೊರಟಾಗ
ಮೂರನೇ ಮಹಡಿಯಲ್ಲಿ ಆ ಕೋಣೆಯ ದೀಪ ಇನ್ನೂ ಉರಿಯುತ್ತಿತ್ತು.
ಬಸ್ಸಿನಲ್ಲಿ ನಿಂತೇ ಬಂದೆ.

ಆಮೆ, ಏಡಿ, ಗೂಬೆ, ಡಾಲ್ಫಿನ್, ಮುಳ್ಳುಹಂದಿ.
ಬೆನ್ನು ಬಿಚ್ಚಿದೆ. ಐದು ಗುಂಡಿ, ಸಾಲಾಗಿ, ಅಡುಗೆಮನೆಯ ಕಟ್ಟೆಯ ಮೇಲೆ.
ಮಿಣುಕುಹುಳುವಿನ ಬೆನ್ನು ಆಗಲೇ ಬಿಚ್ಚಿತ್ತು.
ಒಳಗೆ ಏನೂ ಇರಲಿಲ್ಲ.

ಜಸಿಂತಾ ಬಾಯಿ ತೆರೆದು ಮಲಗಿದ್ದಾಳೆ.
ಟಾರ್ಚು ಬಿಟ್ಟು ಗಂಟಲು ನೋಡಿದೆ, ಹುಚ್ಚಿ,
ಬರಿಗಣ್ಣಿಗೆ ಕಾಣುವಂತಿದ್ದರೆ ನನಗೆ ಸಂಬಳ ಯಾಕೆ ಕೊಡುತ್ತಾರೆ?
ಎಬ್ಬಿಸಿದೆ. ಭುಜ ಹಿಡಿದು ಅಲುಗಿಸಿದೆ, ಆ ಡಬ್ಬಿಗಳ ಹಾಗೆ.
ಎಲ್ಲಿ? ಎಲ್ಲಿಟ್ಟೆ? ನಿಜ ಹೇಳು.
ಕಣ್ಣುಜ್ಜಿಕೊಂಡು ಅಂದಳು:
"ಭಾನುವಾರ ಚರ್ಚಲ್ಲಿ ಜೋಳಿಗೆ ಬಂತಲ್ಲಮ್ಮ,
ಎಲ್ಲರೂ ಹಾಕಿದರು. ನೀನು ನನಗೆ ದುಡ್ಡೇ ಕೊಟ್ಟಿರಲಿಲ್ಲ."

ಏಳಕ್ಕೆ ಹತ್ತು ನಿಮಿಷ. ಪಾದ್ರಿ ಅನಕ್ಲೆತು ನಿದ್ದೆಗಣ್ಣಲ್ಲೇ ಫೋನೆತ್ತಿದರು,
ಎರಡು ಸಲ ಹೇಳಿಸಿದರು, ಹೋದರು.
ಮೇಜಿನ ಮೇಲೆ ನಾಣ್ಯ ಸುರಿದ ಸದ್ದು.
ಒಂದೊಂದೇ ಸರಿಸುವ ಸದ್ದು.
ಕೆಮ್ಮು. ಮತ್ತೆ ಸರಿಸುವ ಸದ್ದು.
ನನ್ನ ಮಡಿಲಲ್ಲಿ ಜಸಿಂತಾ ಮತ್ತೆ ನಿದ್ದೆಗೆ ಜಾರಿದ್ದಳು.

"ಸಿಕ್ಕಿತು, ಜುಲ್ಮೀರಾ" ಅಂದರು.
"ಇಪ್ಪತ್ತು ಸೆಂಟು ಅಂತ ಲೆಕ್ಕ ಬರೆದುಬಿಟ್ಟಿದ್ದೆ ನೋಡು."
ತುಸು ಸುಮ್ಮನಿದ್ದು,
"ಅಲ್ಲ, ಇದನ್ನ ಈಗ ಎಲ್ಲಿ ಹಾಕಲಿ?"