ಮೂರನೇ ಗೇರು

ಬಾನೆಟ್ ಎತ್ತಿಸಿ ಕೇಳಿದ ಮಡಗಾಂವದ ಹುಡುಗ:
ಇದರಲ್ಲಿ ಕಂಪನಿಯದ್ದು ಏನು ಉಳಿದಿದೆ, ಅಂಕಲ್?

ಹಾರ್ನು, ಅಂದೆ. ಹಿಂದಿನ ಸೀಟು.
ಆರ್‌ಸಿಯಲ್ಲಿ ಪುರ್ಸೋ ದುರ್ಗೇಕರ ಎಂಬ ಹೆಸರು,
ಅದೂ ಮಡಿಕೆಯಲ್ಲಿ ಅಳಿಸಿದೆ.

ಟರ್ಬೊ ಕೊಲ್ಲಾಪುರದ್ದು,
ಮೂರು ವರ್ಷ ಟ್ರಾಲರ್ ಇಂಜಿನ್ ಬಿಚ್ಚಿದ ದುಡ್ಡು.
ಸ್ಪ್ರಿಂಗ್ ಎರಡಿಂಚು ಕತ್ತರಿಸಿದ್ದು ನಾನೇ, ಬೈತಖೋಲದ ಶೆಡ್ಡಿನಲ್ಲಿ;
ಅಂದಿನಿಂದ ಕಾರವಾರದ ಹಂಪುಗಳೆಲ್ಲ
ನನ್ನ ಬೆನ್ನುಮೂಳೆಯಲ್ಲಿವೆ.

ಉಪ್ಪುಗಾಳಿಗೆ ಹೊಸ ತಗಡು ಹಳೆ ತಗಡು ಎಂದಿಲ್ಲ.
ಎಷ್ಟು ರಾತ್ರಿಯಾದರೂ ಅದರ ಹೊಟ್ಟೆಯಡಿಗೆ
ಸಿಹಿನೀರು ಹೊಡೆದೇ ಮಲಗುತ್ತಿದ್ದೆ.
ನಿನ್ನ ಕಾಲು ತೊಳೆದುಕೋ ಮೊದಲು,
ಎನ್ನುತ್ತಿದ್ದಳು ಶೇವಂತಿ.
ಆದರೂ ಹೈವೇ ತಿರುವಿನಲ್ಲಿ ಸೈಲೆನ್ಸರ್ ಗುಡುಗಿದರೆ
ಅವಳೇ ತವೆಗೆ ಮೀನು ಬಿಡುವವಳು;
ಮಗ್ಗುಲು ಮಗುಚುವ ಹೊತ್ತಿಗೆ ನಾನು ಬಾಗಿಲಲ್ಲಿ.

ಮಾಡಿಸಿದ್ದಕ್ಕೆಲ್ಲ ರೇಟಿಲ್ಲ, ಅಂದ ಹುಡುಗ.
ಗೊತ್ತು. ಬಂಗಡೆಗೆ ಬೆಲೆ,
ಹರಿದು ಹೊಲಿದ ಬಲೆಗೆ ಯಾರು ಕೊಡುತ್ತಾರೆ?
ಎಡ ಮಂಡಿ ಆ ಕ್ಲಚ್ಚಿಗೆ ಒಪ್ಪದೆ
ಎರಡು ಮಳೆಗಾಲ ಆಯಿತು, ಅದನ್ನು ಹೇಳಲಿಲ್ಲ.

ಅಟ್ಟದಿಂದ ಗೋಣಿಚೀಲ ಇಳಿಸಿದೆ.
ಕಂಪನಿ ಸ್ಪ್ರಿಂಗು, ಕಂಪನಿ ಸೈಲೆನ್ಸರು,
ಹತ್ತೊಂಬತ್ತು ವರ್ಷ ಗ್ರೀಸು ಬಳಿದು ಇಟ್ಟದ್ದು.
ಯಾಕೆ ಇಟ್ಟಿರಿ, ಅಂದ.
ಯಾಕೋ.

ಸದ್ದು ಕಾಳಿ ಸೇತುವೆ ಹತ್ತಿತು.
ಎರಡರಲ್ಲೇ ಎಳೆಯುತ್ತಿದ್ದಾನೆ ಪೋರ,
ಕಿರುಚುತ್ತಿದೆ ಅದು.
ಹಾಕು, ಹಾಕೋ ಮಾರಾಯ, ಮೂರಕ್ಕೆ ಹಾಕು

ಎಡಗಾಲ ಚಪ್ಪಲಿ ಅಂಗಳದ ಮರಳಿನಲ್ಲಿ
ಹಿಮ್ಮಡಿವರೆಗೆ ಇಳಿದಿತ್ತು.

ಒಳಗೆ ಶೇವಂತಿ, ಸದ್ದು ಕೇಳಿದವಳು,
ತವೆಗೆ ಮೀನು ಬಿಟ್ಟಳು.