ಕೆಮ್ಮಿಗೆ

ತೀನ್ ಕಂದೀಲಿನಿಂದ ಒಳಗೆ, ಬೀಗ ರಿಪೇರಿಯವನ ಪಕ್ಕ
ಲಾಡ್ಲೇಸಾಬರ ಅತ್ತಾರ ಅಂಗಡಿ.
ಹೋದೆ. ಕೆಮ್ಮು ಅಂದೆ.
ಸುಳ್ಳು.

ಮೂವತ್ತೊಂದು ವರ್ಷ ಶಕ್ತಿನಗರದಲ್ಲಿ
ಕಲ್ಲಿದ್ದಲ ಬೆಲ್ಟಿನ ಪಕ್ಕ ನಿಂತವನು ಕೆಮ್ಮೆಂದರೆ
ಯಾರು ತಾನೇ ಅನುಮಾನಿಸುತ್ತಾರೆ?
ಒಂದೆರಡು ಸಲ ಕೆಮ್ಮಿಯೂ ತೋರಿಸಿದೆ.

ನಿಜ ಬೇರೆಯೇ ಇತ್ತು.
ರಿಟೈರಾದ ಮೇಲೆ ಮಧ್ಯಾಹ್ನ ಮೂರರ ಹೊತ್ತಿಗೆ
ಕಣ್ಣು ತಾವಾಗಿಯೇ ಸೋರುತ್ತಿದ್ದವು.
ಸತ್ತವರಿಲ್ಲ, ಬೈದವರಿಲ್ಲ,
ನಲ್ಲಿಯ ವಾಷರ್ ಸವೆದಂತೆ, ಅಷ್ಟೇ.
ಸೂಗಮ್ಮ ನೋಡಿಬಿಟ್ಟಾಳೆಂದು
ಆ ಹೊತ್ತಿಗೆ ಉಳ್ಳಾಗಡ್ಡಿ ಹೆಚ್ಚಲು ಕೂಡುತ್ತಿದ್ದೆ.
ಹದಿನೈದು ದಿನ ಮನೆಯಲ್ಲಿ ಬರೀ ಉಳ್ಳಾಗಡ್ಡಿ ಪಲ್ಯ.

ಲಾಡ್ಲೇಸಾಬರು ತಕ್ಕಡಿ ಮುಟ್ಟಲಿಲ್ಲ.
"ಕೆಮ್ಮಿಗೆ ತೂಗೋದಿಲ್ಲ, ಎಣಿಸೋದು" ಅನ್ನುತ್ತ
ಒಣಗಿದ ಚಳ್ಳೆಹಣ್ಣು ಒಂಬತ್ತು ಇಟ್ಟರು ಕಾಗದದ ಮೇಲೆ.
ಚಳ್ಳೆಹಣ್ಣು ತಿನ್ನಿಸಲು ಹೋದವನಿಗೆ
ಚಳ್ಳೆಹಣ್ಣೇ ಸಿಕ್ಕಿತಲ್ಲ ಎಂದು
ನನ್ನ ಕಿವಿ ಬಿಸಿಯಾದವು.

ಆಮೇಲೆ ಮೇಲಿನ ಹಲಗೆಯಿಂದ ತಗಡಿನ ಡಬ್ಬಿ.
ಒಳಗೆ ಉನ್ನಾಬ್:
ಹಳೆ ಇಟ್ಟಂಗಿಯ ಕೆಂಪು,
ಮುದುಕಿಯ ಮೊಣಕೈಯಂಥ ಸುಕ್ಕು.
"ಇದು ನಮ್ಮ ಬಾರಿಹಣ್ಣಲ್ಲೇನ್ರಿ?"
"ಅದರ ದೊಡ್ಡಪ್ಪನ ಮಗ.
ಅದು ಮಲಿಯಾಬಾದ ಗುಡ್ಡದಾಗ ಮುಳ್ಳು ಕಚ್ಚಿಕೊಂಡು ಉಳೀತು,
ಇದು ಚೀನಾದಿಂದ ಹಡಗ ಹತ್ತಿ ಬಂತು."

ಡಬ್ಬಿಯ ಮೇಲೆ ಚೀನೀ ಅಕ್ಷರ,
ಗುಬ್ಬಿಗೂಡು ಕಿತ್ತು ಹರವಿದ ಹಾಗೆ.
ಅವರ ಅಬ್ಬಾ ತಿಳಿಯದೆ ತಳವನ್ನೇ ಕೊಯ್ದು
ಮುಚ್ಚಳ ಮಾಡಿದ್ದರಂತೆ.
ಮೂವತ್ತು ವರ್ಷ ತಲೆಕೆಳಗಾಗಿ ನಿಂತ ಡಬ್ಬಿ.
ಗೊತ್ತಾದದ್ದು, ಬಾಯ್ಲರ್ ಕೂಡಿಸಲು ಬಂದ ಚೀನಾದ ಫಿಟ್ಟರೊಬ್ಬ
ಹಲ್ಲುನೋವಿಗೆ ಲವಂಗ ಕೇಳಲು ಬಂದಾಗ.
ಸೊಂಟ ಬಗ್ಗಿಸಿ, ಕತ್ತು ತಿರುವಿ, ಓದಿ,
ನೋಯುವ ದವಡೆ ಹಿಡಿದುಕೊಂಡೇ ನಕ್ಕನಂತೆ.

ಕನ್ನಡ ಬರದು, ಉರ್ದು ಬರದು.
ಎರಡು ಮುಷ್ಟಿ ಗುದ್ದಾಡಿಸಿ
ನಡುವೆ ಒಂದು ಉನ್ನಾಬ್ ಇಟ್ಟು, ಬೆರಳು ಬಿಚ್ಚಿದ:
ಒಂದೇ ಗಡಿಗೆಯಲ್ಲಿ ಕಚ್ಚಾಡುವ ಖಾರದ ಬೇರುಗಳಿಗೆ
ಇದು ರಾಜಿ ಮಾಡಿಸುತ್ತದೆ.
ಅಂಗೈ ಮೇಲೆ ಕೆನ್ನೆ ಇಟ್ಟು ಕಣ್ಣು ಮುಚ್ಚಿದ:
ಇದರ ಹುಳಿ ತಮ್ಮನ ಬೀಜ ಒಡೆದು ಕುದಿಸಿದರೆ ನಿದ್ದೆ.
ಕೊನೆಗೆ ಜ್ಯೇಷ್ಠಮಧುವಿನ ಕಡ್ಡಿ ಎಳೆದುಕೊಂಡ,
ಎದುರಂಗಡಿಯ ಗೋದಿ ಚೀಲ ತೋರಿಸಿದ,
ಕಣ್ಣಿನಿಂದ ಗದ್ದದವರೆಗೆ
ಒಂದು ಬೆರಳು ನಿಧಾನ ಇಳಿಸಿದ.

ಇದನ್ನು ಹೇಳುವಾಗ ಲಾಡ್ಲೇಸಾಬರು
ನನ್ನ ಮುಖ ನೋಡಲಿಲ್ಲ.
ದಾರದುಂಡಿಯ ತುದಿ ಹುಡುಕುತ್ತಿದ್ದರು.
ಐದು ಉನ್ನಾಬ್. ಜ್ಯೇಷ್ಠಮಧು ಗೇಣುದ್ದ.
ಚಳ್ಳೆಹಣ್ಣು ಒಂಬತ್ತನ್ನೂ
ಒಂದೊಂದಾಗಿ ವಾಪಸ್ ಬರಣಿಗೆ ಹಾಕಿದರು.
"ಗೋದಿ ಮನ್ಯಾಗ ಇರ್ತಾವ, ಒಂದು ಮುಷ್ಟಿ."
"ಕೆಮ್ಮಿಗೆ ಗೋದಿ ಯಾಕ್ರಿ?"
"ಇರಲಿ ತಗೋರಿ.
ಕೆಮ್ಮಿನಾಗ ಎರಡು ಥರ ಅದಾವ."

ಮೂರಕ್ಕೆ ಸ್ಟವ್ ಹಚ್ಚಿದೆ.
ಹಣ್ಣು ಉಬ್ಬಿ, ಸುಕ್ಕು ಬಿಟ್ಟು,
ಎಂದೋ ಗಿಡದಲ್ಲಿದ್ದದ್ದು ನೆನಪಾದಂತೆ ನುಣುಪಾದವು.
ಮನೆಯೆಲ್ಲ ಹುಗ್ಗಿಯ ವಾಸನೆ.
ಹಿತ್ತಲಿನಿಂದ ಸೂಗಮ್ಮ ಬಂದಳು,
ಸೆರಗಿಗೆ ಕೈ ಒರೆಸುತ್ತ.
"ಏನದು?"
"ಕೆಮ್ಮಿಗೆ."

ಅವಳು ಪಾತ್ರೆಯೊಳಗೆ ಇಣುಕಿ
ತುಸು ಹೊತ್ತು ಸುಮ್ಮನೆ ನಿಂತಳು.
ಆಮೇಲೆ ಹಲಗೆಯಿಂದ ಇನ್ನೊಂದು ಲೋಟ ಇಳಿಸಿದಳು.
"ನನಗೂ ಒಂದಿಷ್ಟು ಹಾಕು.
ನನಗೂ ಅದ, ಕೆಮ್ಮು."

ಅವಳು ಕೆಮ್ಮಿದ್ದನ್ನು ನಾನು ಕೇಳಿದ್ದೇ ಇಲ್ಲ.
ಕೇಳುವುದೆಲ್ಲಿ, ಪಾಳಿಯಲ್ಲಿರುತ್ತಿದ್ದೆ.

ಕುಡಿದೆವು. ಹಣ್ಣನ್ನೂ ತಿಂದೆವು.
ತಟ್ಟೆಯಲ್ಲಿ ಐದು ಬೀಜ:
ನನ್ನ ಕಡೆ ಎರಡು,
ಅವಳ ಕಡೆ ಮೂರು.